ಹೊರಗಿನವಳ ಫೀಸು

ಥೋರಾ ಲಿಂಡ್ಸೆತ್ ಹಟಮಾರಿ ಎಂದು ಅವಳ ತಾಯಿ ಹೇಳುತ್ತಿದ್ದಳು, ಅಣ್ಣ ಆರ್ಲಿನ್ ಹೇಳುತ್ತಿದ್ದ, ಕೊನೆಗೆ ವಿಶ್ವವಿದ್ಯಾಲಯದವರೂ ಹೇಳಿದರು. ಮೂವರು ಹೇಳಿದ್ದೂ ಸರಿಯೇ. ಹಟ ಇಲ್ಲದಿದ್ದರೆ ಮೂವತ್ತು ದಾಟಿದ ಮೇಲೆ ಸೇತುವೆ ಕಟ್ಟುವುದನ್ನು ಕಲಿಯುತ್ತೇನೆಂದು ಯಾರು ತಾನೇ ಮನೆ ಬಿಟ್ಟು ಹೊರಡುತ್ತಾರೆ?

ಹುಟ್ಟಿ ಬೆಳೆದದ್ದು ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಗೋಧಿ ಹೊಲಗಳ ನಡುವೆ. ಅವರೂರಿನ ಹಳ್ಳದ ಸೇತುವೆ ವಸಂತದ ಮಂಜುಗಡ್ಡೆಗೆ ಸಿಕ್ಕಿ ಎರಡು ಸಲ ಕೊಚ್ಚಿಹೋಗಿತ್ತು. ಎರಡನೆಯ ಸಲ ಊರಿನ ಸಭೆಯಲ್ಲಿ ಥೋರಾ ಎದ್ದು ನಿಂತು, "ಮತ್ತೆ ಅದೇ ಥರ ಕಟ್ಟಿದ್ರೆ ಮತ್ತೆ ಅದೇ ಥರ ಹೋಗುತ್ತೆ" ಎಂದಳು. "ಹಾಗಾದ್ರೆ ನೀನೇ ಬಂದು ಕಟ್ಟಮ್ಮಾ" ಎಂದು ಹಿಂದಿನ ಸಾಲಿನಲ್ಲಿ ಯಾರೋ ಕಿಚಾಯಿಸಿದರು. ಸಭೆಗೆ ಸಭೆಯೇ ನಕ್ಕಿತು. ಥೋರಾ ನಗಲಿಲ್ಲ. "ಕಟ್ತೀನಿ" ಎಂದು ಕೂತಳು.

ತಂದೆ ತೀರಿಕೊಂಡ ಮೇಲೆ ಹೊಲವೆಲ್ಲ ಆರ್ಲಿನ್ ಹೆಸರಿಗೆ ಹೋಯಿತು. ಅವನೇ ಉಳುವವನು, ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಥೋರಾಳಿಗೆ ತಾಯಿ ಹೇಳಿದ್ದು ಒಂದೇ ಮಾತು: "ನಿನ್ನ ಕೋಣೆ ಯಾವತ್ತಿದ್ರೂ ನಿಂದೇ." ಒಂದು ಕೋಣೆ! ಅವಳಿಗೆ ಮೈಯೆಲ್ಲ ಉರಿಯಿತು. ಪಕ್ಕದ ಮೊಂಟಾನಾ ರಾಜ್ಯದಲ್ಲಿ ಹಿಮ ತಳ್ಳುವ ಲಾರಿಗೆ ಡ್ರೈವರು ಬೇಕೆಂದು ಕೇಳಿದ್ದೇ ತಡ, ಗಂಟುಮೂಟೆ ಕಟ್ಟಿದಳು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸೇತುವೆಯ ಓದೂ ಇತ್ತು. ಆದರೆ ಅಲ್ಲಿ ಫೀಸು ಎರಡು ಥರ. ರಾಜ್ಯದವರಿಗೆ ಒಂದು, ಹೊರಗಿನವರಿಗೆ ಅದರ ಮೂರು ಪಟ್ಟು. ಮೂರು ಪಟ್ಟು ಕೊಡುವುದು ಅವಳ ಕೈಯಲ್ಲಿ ಸಾಧ್ಯವೇ ಇರಲಿಲ್ಲ. ರಾಜ್ಯದವಳಾಗಬೇಕಾದರೆ ಒಂದು ವರ್ಷ ಅಲ್ಲೇ ನೆಲೆಸಿ, ದುಡಿದು, ಹಳೆಯ ರಾಜ್ಯದ ಹಕ್ಕುಗಳನ್ನೆಲ್ಲ ಬಿಟ್ಟುಕೊಡಬೇಕು.

"ಓದೋದಿದ್ರೆ ಇಲ್ಲೇ ಓದು. ಇಲ್ಲೇನು ಕಮ್ಮಿಯಾಗಿದೆ ನಿಂಗೆ?" ಎಂದು ಆರ್ಲಿನ್ ಗೇಟಿನವರೆಗೂ ಬೆನ್ನುಹತ್ತಿ ಬಂದಿದ್ದ.

"ನಂದು ಅನ್ನೋದು ಕಮ್ಮಿಯಾಗಿದೆ ಕಣೋ" ಎಂದು ಅವಳು ಗಾಡಿ ಹತ್ತಿದಳು.

ಡ್ರೈ ಫೋರ್ಕ್ ಎಂಬ ಸಣ್ಣ ಊರಿನಲ್ಲಿ ಬಾಡಿಗೆಗೆ ಮನೆ ಹಿಡಿದಳು. ಗಾಡಿಯ ನಂಬರು ಬದಲಾಯಿತು, ಲೈಸೆನ್ಸು ಬದಲಾಯಿತು, ಓಟೂ ಅಲ್ಲೇ ಹಾಕಿದಳು. ಬೆಳಕು ಹರಿಯುವ ಮುಂಚೆ ಎದ್ದು ಕಣಿವೆಯ ರಸ್ತೆಯ ಹಿಮವನ್ನು ಪಕ್ಕಕ್ಕೆ ತಳ್ಳುವುದು ಅವಳ ಕೆಲಸ. ಮೇಸ್ತ್ರಿ ಲೊವೆಲ್‌ಗೆ ಅವಳನ್ನು ಕಾಡಿಸದಿದ್ದರೆ ಕಾಫಿ ಇಳಿಯುತ್ತಿರಲಿಲ್ಲ.

"ಯಾಕಮ್ಮಾ ಒಂದು ವರ್ಷ ಕಾಯ್ತೀಯಾ? ಇಲ್ಲಿಯವನೊಬ್ಬನನ್ನ ಕಟ್ಕೋ. ಕೇಸು ಗಟ್ಟಿಯಾಗುತ್ತೆ."

"ಫೀಸು ಉಳಿಸೋಕೆ ಗಂಡನ್ನ ಸಾಕೋದಾ? ಅದಕ್ಕಿಂತ ಹೊರಗಿನವರ ಫೀಸೇ ಅಗ್ಗ ಬಿಡು."

ಅಕ್ಟೋಬರಿನಲ್ಲಿ ಆರ್ಲಿನ್ ಫೋನು ಮಾಡಿದ. ನವೆಂಬರು ಬಂತೆಂದರೆ ಜಿಂಕೆ ಬೇಟೆ. ಲಿಂಡ್ಸೆತ್ ಮನೆಯವರೆಲ್ಲ ಅಪ್ಪನ ಹೊಲದಂಚಿನಲ್ಲಿ ಬೆಳಗಿನ ಚಳಿಗೆ ನಡುಗುತ್ತ ಕೂರುವುದು, ಸಂಜೆ ತಾಯಿಯ ಕೈಯ ಆಲೂಗಡ್ಡೆ ರೊಟ್ಟಿ ತಿನ್ನುವುದು. ಹುಡುಗಿಯಾಗಿದ್ದಾಗಿನಿಂದ ಥೋರಾ ಒಂದು ವರ್ಷವೂ ತಪ್ಪಿಸಿದವಳಲ್ಲ.

"ಬರ್ತೀಯ ತಾನೇ?"

"ಬರ್ತೀನಿ. ಆದ್ರೆ ಹೊರಗಿನವರು ತಗೋತಾರಲ್ಲ, ಆ ಬೇಟೆ ಲೈಸೆನ್ಸ್ ತಗೊಂಡು ಬರ್ತೀನಿ. ಅಲ್ಲಿಯವಳು ಅಂತ ತಗೊಂಡ್ರೆ ನನ್ನ ವರ್ಷ ಪೂರ್ತಿ ನೀರು ಪಾಲು."

ಅತ್ತ ಕಡೆಯಿಂದ ಆರ್ಲಿನ್ ಸಿಡಿದ. "ಅಪ್ಪನ ಹೊಲಕ್ಕೆ ಹೊರಗಿನವಳಾಗಿ ಬರ್ತೀಯಾ? ನಾಚಿಕೆ ಆಗಲ್ವಾ ನಿಂಗೆ? ಹಾಗಾದ್ರೆ ಬರಲೇಬೇಡ."

ಅವಳು ಹೋಗಲಿಲ್ಲ. ಬೇಟೆ ಶುರುವಾದ ದಿನ ಲಾರಿಯಲ್ಲಿ ಒಬ್ಬಳೇ ಕೂತು ರೇಡಿಯೋ ಜೋರು ಮಾಡಿಕೊಂಡಳು. ಸಂಕಟ ಆಗಲಿಲ್ಲವೇ ಎಂದರೆ, ಆಯಿತು. ಆದರೂ ಗಾಡಿಯನ್ನು ಪೂರ್ವಕ್ಕೆ, ಊರಿನ ಕಡೆಗೆ, ತಿರುಗಿಸಲಿಲ್ಲ.

ವರ್ಷ ತುಂಬಿತು. ರಾಜ್ಯದವಳೆಂದು ಅರ್ಜಿ ಹಾಕಿದಳು. ಅರ್ಜಿ ತಿರಸ್ಕಾರವಾಯಿತು!

ವಿಶ್ವವಿದ್ಯಾಲಯದ ಕಚೇರಿಯ ಕಿಟಕಿಯ ಹಿಂದಿನ ಗುಮಾಸ್ತೆ ಪಾಪ, ತಾನೇ ತಪ್ಪು ಮಾಡಿದವಳ ಹಾಗೆ ದನಿ ತಗ್ಗಿಸಿದಳು. "ಹೋದ ಜೂನ್‌ನಲ್ಲಿ ನೀವು ಡಕೋಟಾದ ನಿವಾಸಿ ಅಂತ ಜಿಂಕೆ ಲೈಸೆನ್ಸ್‌ಗೆ ಅರ್ಜಿ ಹಾಕಿದೀರಿ. ಲೈಸೆನ್ಸ್ ಸಿಕ್ಕೂ ಇದೆ."

ಥೋರಾಳಿಗೆ ತಕ್ಷಣ ಗೊತ್ತಾಯಿತು. ಆ ಮನೆಯಲ್ಲಿ ಪ್ರತಿ ಜೂನ್‌ನಲ್ಲಿ ಎಲ್ಲರ ಅರ್ಜಿಯನ್ನೂ ಒಬ್ಬರೇ ಹಾಕುವುದು ರೂಢಿ. ಮೊದಲು ಅಪ್ಪ ಹಾಕುತ್ತಿದ್ದ, ಈಗ ಆರ್ಲಿನ್. ಅಲ್ಲೇ ಮೆಟ್ಟಿಲ ಮೇಲೆ ನಿಂತು ಫೋನು ಹಚ್ಚಿದಳು.

"ನನ್ನ ಹೆಸರಲ್ಲಿ ಯಾಕೋ ಹಾಕಿದೆ?"

"ಎಲ್ಲರದ್ದೂ ಹಾಕ್ತಾ ಇದ್ದೆ ಕಣೇ. ನಿನ್ನ ಹೆಸರು ಬಿಡೋಕೆ ಕೈ ಬರ್ಲಿಲ್ಲ."

"ಬಂದು ಅದನ್ನೇ ಹೇಳು ಇವರ ಮುಂದೆ."

ಹೇಳಿದರೆ ಅವನ ಗತಿ ಏನೆಂದು ಇಬ್ಬರಿಗೂ ಗೊತ್ತಿತ್ತು. ಸುಳ್ಳು ಅರ್ಜಿ ಹಾಕಿದವನಿಗೆ ದಂಡ ಬೀಳುತ್ತದೆ, ಬೇಟೆಯ ಹಕ್ಕೂ ಹೋಗುತ್ತದೆ. ನವೆಂಬರು ಬರಲೆಂದೇ ಮಿಕ್ಕ ತಿಂಗಳುಗಳನ್ನು ಸಹಿಸಿಕೊಳ್ಳುವ ಮನುಷ್ಯ ಅವನು. "ಮನೆಗೆ ಬಂದ್ಬಿಡು ಥೋರಾ. ಯಾರ ಹತ್ರಾನೂ ಬೇಡೋ ಕರ್ಮ ಇರಲ್ಲ" ಎಂದ.

"ನಿನ್ನ ಉಪಕಾರ ನೀನೇ ಇಟ್ಕೋ" ಎಂದು ಫೋನು ಕಟ್ ಮಾಡಿದಳು.

ಮೇಲ್ಮನವಿ ಹಾಕಿದಳು, ವಿಚಾರಣೆಯ ದಿನವನ್ನು ತಾಯಿಗೆ ಮಾತ್ರ ತಿಳಿಸಿದಳು. ಆ ದಿನ, ಏಪ್ರಿಲ್ ಆದರೂ ಹಿಮ ಸುರಿಯುತ್ತಿತ್ತು. ಬೆಳಗಿನ ಪಾಳಿ ಮುಗಿಸಿ, ಕೆಲಸದ ಬೂಟಿನಲ್ಲೇ ಸಮಿತಿಯ ಮುಂದೆ ಹೋಗಿ ಕೂತಳು. ಅಧ್ಯಕ್ಷ ಪ್ರೆಂಟಿಸ್ ಒಳ್ಳೆಯವನೇ, ಆದರೆ ಎಷ್ಟೋ ಜನರ ಕತೆ ಕೇಳಿ ಕೇಳಿ ಕಿವಿ ದಡ್ಡು ಬಿದ್ದಿತ್ತು.

"ಈ ಬೇಟೆ ಅರ್ಜಿ ನೀವು ಹಾಕಿದ್ದಲ್ವಾ?"

"ಅಲ್ಲ ಸಾರ್."

"ಮತ್ತೆ ಯಾರು ಹಾಕಿದ್ದು?"

ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಒಂದು ಹೆಸರು ಉಸುರಿದರೆ ಸಾಕು, ಓದು ಅವಳದು. ಅವನ ಮೇಲೆ ಕೋಪವೂ ಬೇಕಾದಷ್ಟಿತ್ತು. "ಅದು ನಂಗೆ ಗೊತ್ತು. ನಿಮಗೆ ಹೇಳಲ್ಲ" ಎಂದಳು.

"ಹೇಳದೆ ಹೋದ್ರೆ ನಾವು ನಂಬೋದು ಹೇಗೆ, ಮಿಸ್ ಲಿಂಡ್ಸೆತ್?"

"ನಂಬಬೇಡಿ. ಫೀಸು ಉಳಿಸೋಕೆ ಮನೆಯವರನ್ನ ಹಿಡಿದುಕೊಡೋ ಪೈಕಿ ಅಲ್ಲ ನಾನು. ನಾನು ಇಲ್ಲಿಯವಳು ಅನ್ನೋದಕ್ಕೆ ಸಾಕ್ಷಿ ಬೇಕಾ? ಇವತ್ತು ನೀವು ಯಾವ ರಸ್ತೇಲಿ ಬಂದ್ರಿ?"

"ಕಣಿವೆ ರಸ್ತೆ."

"ಹಿಮ ಇತ್ತಾ?"

ಪ್ರೆಂಟಿಸ್ ಕೆಮ್ಮಿದ. "ತಳ್ಳಿಬಿಟ್ಟಿದ್ರು."

"ತಳ್ಳಿದ್ದು ನಾನು. ನೀವು ಆಗಲ್ಲ ಅಂತ ಬರೆದ್ರೂ ನಾಳೆ ನಾನೇ ತಳ್ತೀನಿ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ತೀನಿ. ಅದರ ಮುಂದಿನ ವರ್ಷವೂ ಹಾಕ್ತೀನಿ. ನಿಮಗೆ ಸಾಕಾಗಬೇಕೇ ಹೊರತು ನನಗೆ ಸಾಕಾಗಲ್ಲ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಟೋಪಿಯ ಮೇಲೆಲ್ಲ ಹಿಮ ಹೊತ್ತುಕೊಂಡು ಆರ್ಲಿನ್ ನಿಂತಿದ್ದ. ಯಾರನ್ನೂ ಕೇಳದೆ ಒಳಗೆ ಬಂದು, ಬಳಸದೇ ಉಳಿದ ಜಿಂಕೆ ಲೈಸೆನ್ಸನ್ನು ಮೇಜಿನ ಮೇಲೆ ಬಡಿದ.

"ಇವಳ ಅಣ್ಣ ನಾನು. ಇದನ್ನ ತಗೊಂಡಿದ್ದು ನಾನು. ಇವಳಿಗೆ ಗೊತ್ತೇ ಇರ್ಲಿಲ್ಲ."

"ಆರ್ಲಿನ್, ಬಾಯಿ ಮುಚ್ಚು!" ಥೋರಾ ಎದ್ದು ನಿಂತಳು.

"ನೀನು ಮುಚ್ಚೇ ಸಾಕು." ಅವನು ಪ್ರೆಂಟಿಸ್ ಕಡೆಗೇ ತಿರುಗಿದ್ದ. "ಬೇಟೆಗೆ ಬಾ ಅಂದೆ, ಹೊರಗಿನವಳ ಲೈಸೆನ್ಸ್‌ನಲ್ಲಿ ಬರ್ತೀನಿ ಅಂದ್ಲು. ಸ್ವಂತ ಅಪ್ಪನ ಹೊಲಕ್ಕೆ! ಬೇಡ ಅಂದೆ, ಬರಲೇ ಇಲ್ಲ. ಅಮ್ಮ ಇವಳಿಗೂ ತಟ್ಟೆ ಇಟ್ಕೊಂಡು ಕೂತಿದ್ಲು. ನಮ್ಮವಳಾಗಿದ್ರೆ ಬರ್ತಿದ್ಲು ಸ್ವಾಮಿ. ಇವಳು ನಮ್ಮವಳಲ್ಲ, ನಿಮ್ಮವಳು. ಇಟ್ಕೊಳ್ಳಿ."

ಪ್ರೆಂಟಿಸ್ ಲೈಸೆನ್ಸನ್ನು ಎತ್ತಿ ನೋಡಿ ಮೆಲ್ಲಗೆ ಕೇಳಿದ, "ಇದನ್ನ ಒಪ್ಪಿಕೊಂಡ್ರೆ ನಿಮಗೇನಾಗುತ್ತೆ ಅಂತ ಗೊತ್ತಿದೆಯಾ?"

"ಗೊತ್ತಿದೆ. ನಮ್ಮೂರಲ್ಲಿ ಬೇಟೆ ನೋಡ್ಕೊಳ್ಳೋ ವಾರ್ಡನ್ ಮುಂದೆ ನಿನ್ನೇನೇ ಒಪ್ಪಿಕೊಂಡು ಬಂದಿದೀನಿ."

ಇಬ್ಬರನ್ನೂ ಹೊರಗೆ ಕೂರಿಸಿದರು. ಅಣ್ಣತಂಗಿ ಒಂದೇ ಬೆಂಚಿನ ಎರಡು ತುದಿಗೆ ಕೂತರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮತ್ತೆ ಕರೆದಾಗ ಪ್ರೆಂಟಿಸ್ ಎದ್ದು ನಿಂತು ಕೈ ಚಾಚಿದ. ಅಂದಿನಿಂದ ಥೋರಾ ಮೊಂಟಾನಾದವಳು, ಫೀಸಿನ ಲೆಕ್ಕಕ್ಕೂ.

ಹೊರಗೆ ಆರ್ಲಿನ್ ತನ್ನ ಗಾಡಿಯ ಗಾಜಿಗೆ ಅಂಟಿದ್ದ ಮಂಜನ್ನು ಕೆರೆಯತೊಡಗಿದ. ಥೋರಾ ಪಕ್ಕದಲ್ಲಿ ಹೋಗಿ ನಿಂತಳು.

"ಒಳಗೆ ಹೇಳಿದ್ದು ನಿಜಾನಾ?"

"ಯಾವ್ದು?"

"ನಾನು ನಿಮ್ಮವಳಲ್ಲ ಅಂದಿದ್ದು."

ಅವನು ಕೆರೆಯುವುದನ್ನು ನಿಲ್ಲಿಸಲಿಲ್ಲ. "ನಿನ್ನ ಕೋಣೆಗೆ ಅಮ್ಮ ಯಾರನ್ನೂ ಬಿಡಲ್ಲ. ವಾರಾ ವಾರಾ ಹಾಸಿಗೆ ಬಟ್ಟೆ ಬದಲಾಯಿಸ್ತಾಳೆ. ಅದನ್ನ ಮಾತ್ರ ಆ ಸಮಿತಿಯವರ ಮುಂದೆ ಬಾಯಿ ಬಿಡಬೇಡ."

ಅಷ್ಟು ಹೊತ್ತು ಅದುಮಿಟ್ಟಿದ್ದ ಅಳು ಥೋರಾಳಿಗೆ ಆಗ ಬಂತು. ಕೈಗವಸಿನಿಂದ ಮೂಗು ಒರೆಸಿಕೊಂಡು, ಅವನ ಕೈಯಿಂದ ಕೆರೆಯುವ ಪಟ್ಟಿ ಕಿತ್ತುಕೊಂಡು ಇನ್ನೊಂದು ಬದಿಯ ಗಾಜಿಗೆ ಹೋದಳು.

"ಅಮ್ಮಂಗೆ ಹೇಳು, ನವೆಂಬರಿಗೆ ಬರ್ತೀನಿ ಅಂತ. ಹೊರಗಿನವಳ ಲೈಸೆನ್ಸ್‌ನಲ್ಲೇ ಬರ್ತೀನಿ, ಏನು ಮಾಡ್ಕೋತೀಯೋ ಮಾಡ್ಕೋ."

"ಬಾ ಮಾರಾಯ್ತಿ. ನಾನಂತೂ ಈ ಸಲ ಬಂದೂಕು ಮುಟ್ಟೋ ಹಾಗಿಲ್ಲ" ಎಂದ ಆರ್ಲಿನ್. "ನೀನು ಹೊಡಿ, ನಾನು ಎಳ್ಕೊಂಡು ಬರ್ತೀನಿ."