ಗೋಡೆಯಾಚೆ ಬಿಟ್ಟ ಹೀರೇಕಾಯಿ

ನಮ್ಮ ಬನಹಟ್ಟಿಯ ಓಣಿಯಲ್ಲಿ ಆಗೆಲ್ಲ ಕರೆಂಟು ಹೋದರೆ ಮಾತ್ರ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿತ್ತು. ಮನೆಮನೆಗೂ ಮಗ್ಗ. ಬೆಳಗಾದರೆ ಖಟಾಖಟ್ ಶುರು. ಊಟಕ್ಕೆ ಕರೆಯಬೇಕಾದರೂ ಅವ್ವ ಬಂದು ರಟ್ಟೆ ಹಿಡಿದು ಎಳೆಯಬೇಕು. ಆ ವರ್ಷ ಹೋಳಿ ಹುಣ್ಣಿಮೆ ಮುಗಿಯುವುದರೊಳಗೆ ಮಳೆ ಹಿಡಿಯಿತು. ದಿನಾ ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಕಟ್ಟಿ ಗುಡುಗುತ್ತಿತ್ತು, ಕರೆಂಟು ಹೋಗುತ್ತಿತ್ತು, ಮಗ್ಗ ನಿಲ್ಲುತ್ತಿದ್ದವು. ಆಗ ತಗಡಿನ ಮೇಲೆ ಮಳೆಯ ಸದ್ದು, ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ, ಬೇವಿನ ಹೂವಿನ ಘಮ. ನಮ್ಮ ಮನೆಯ ದೊಡ್ಡವರು ಮೆಲ್ಲಗೆ ಆಡಿಕೊಂಡ ಮಾತುಗಳೆಲ್ಲ ನನ್ನ ಕಿವಿಗೆ ಬಿದ್ದದ್ದು ಆ ಮಳೆಯಲ್ಲೇ. ಬೀಳದಿದ್ದರೇ ಚೆನ್ನಾಗಿತ್ತು.

ಶಿವರಾತ್ರಿಯ ಮರುವಾರ ಶಾಂತತ್ತಿ ಬಂದಿದ್ದಳು. ಅಪ್ಪನ ತಂಗಿ, ಬೀಳಗಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ತವರಿಗೆ ಬರುವ ಹೆಣ್ಣುಮಕ್ಕಳು ಬುಟ್ಟಿ ತುಂಬ ತಿನ್ನುವುದನ್ನು ತರುವ ಕಾಲ ಅದು. ಅತ್ತಿ ಕೈಯಲ್ಲಿ ಒಂದು ಚೀಲವೂ ಇಲ್ಲದೆ ಬಂದಳು. ನಮ್ಮ ಆಯಿ, ಅಂದರೆ ಅಜ್ಜಿ, ಮಗಳನ್ನು ನೋಡಿ "ಒಬ್ಬಾಕಿನ ಬಂದ್ಯಾ?" ಅಂದವಳೇ ಕಾಲಿಗೆ ನೀರು ತರಲು ಒಳಗೆ ಹೋದಳು. ನನಗೋ ಒಂಬತ್ತು ವರ್ಷ. ಅತ್ತಿ ಬಂದಳೆಂಬ ಖುಷಿಯ ಮುಂದೆ ಬೇರೆ ಯಾವುದೂ ಕಾಣಲಿಲ್ಲ.

ನಾಲ್ಕು ದಿನ ಸುಮ್ಮನೆ ಕೂತಿದ್ದವಳು ಐದನೆಯ ದಿನ ಸೀರೆ ಎತ್ತಿ ಕಟ್ಟಿ ಹಿತ್ತಲಿಗೆ ಇಳಿದಳು. ನಮ್ಮ ಹಿತ್ತಲೆಂದರೆ ಮುರಿದ ಮಗ್ಗದ ಕಟ್ಟಿಗೆ, ಒಡೆದ ಡಬ್ಬಿ, ಹಳೇ ತಗಡು. ಎಲ್ಲ ಒಂದು ಮೂಲೆಗೆ ದೂಡಿ, ನೆಲ ಅಗೆದು, ಹೀರಿ ಬೀಜ ಊರಿದಳು. ಪಕ್ಕದಲ್ಲಿ ಚೆಂಡುಹೂ, ನಾಲ್ಕು ಮೆಣಸಿನ ಸಸಿ, ಒಂದು ಮಡಿ ಮೆಂತ್ಯೆ. ನನಗೆ ಸಾಲಿಯಿಂದ ಬಂದ ಕೂಡಲೇ ಕೆಲಸ.

"ನೀಲಾ, ಸಗಣಿ ತಗೊಂಡ ಬಾ. ನೀಲಾ, ಒಲಿ ಬೂದಿ ತಾ, ಎಲಿಗೆ ಹುಳ ಹತ್ಯಾವ. ಏ ನೀಲಾ, ನೀರ ನಿಂತೈತಿ, ಕಾಲುವಿ ತಗಿ ಬಾ!"

ಹಾರಿಸಿ ಹಿಡಿಯುವ ಗಜಗದ ಆಟ ಬಿಟ್ಟು ಓಡುತ್ತಿದ್ದೆ. ಮಳೆ ದಿನಾ ಮಡಿ ಕೆಡಿಸುತ್ತಿತ್ತು, ನಾವು ದಿನಾ ಕಟ್ಟುತ್ತಿದ್ದೆವು. ಮೆಂತ್ಯೆ ಕೊಳೆತೇ ಹೋಯಿತು. ಬಳ್ಳಿ ಮಾತ್ರ ಮೇಲೆದ್ದಿತು. ಮಗ್ಗದ ಕಟ್ಟಿಗೆಯನ್ನೇ ಆಸರೆಗೆ ನೆಟ್ಟು, ಹರಿದ ಬಣ್ಣದ ನೂಲಿನಿಂದ ಅತ್ತಿ ಅದನ್ನು ಕಟ್ಟುತ್ತಿದ್ದಳು. ಮಳೆಗೆ ನೂಲು ಬಣ್ಣ ಬಿಟ್ಟು ಕಟ್ಟಿಗೆಯೆಲ್ಲ ಕೆಂಪು. ಕೆಲಸ ಮುಗಿದ ಮೇಲೆ ಇಬ್ಬರೂ ಬಚ್ಚಲ ತಗಡಿನ ಕೆಳಗೆ ಕೂತು ಚುರಮುರಿ ಮೇಲೆ ಹಸಿ ಉಳ್ಳಾಗಡ್ಡಿ ಹಾಕಿಕೊಂಡು ತಿನ್ನುತ್ತಿದ್ದೆವು. ಅಷ್ಟು ರುಚಿಯ ಚುರಮುರಿ ಮತ್ತೆ ನಾನು ತಿಂದಿಲ್ಲ.

ಹಾಗೆ ಕೂತಾಗಲೇ ಒಂದು ದಿನ ಕೇಳಿದೆ. "ಅತ್ತಿ, ನಿಮ್ಮ ಮನ್ಯಾಗ ಹಿತ್ತಲ ಇಲ್ಲೇನ ಬೇ?"

"ಐತಿ. ದೊಡ್ಡದ ಐತಿ."

"ಮತ್ತ ಅಲ್ಲೆ ಯಾಕ ಏನೂ ಹಚ್ಚಿಲ್ಲ?"

"ಹಿತ್ತಲ ಬಾಗಲ್ಕ ಕೀಲಿ ಹಾಕಿರ್ತಾರ," ಅಂದಳು. ಚುರಮುರಿ ನನ್ನ ಕಡೆ ಸರಿಸುತ್ತ, "ಮುಂದಿನ ಬಾಗಲ್ಕೂ," ಅಂದಳು.

ಆ ಊರಲ್ಲಿ ಕಳ್ಳರ ಕಾಟ ಬಹಳ ಇರಬೇಕು ಅಂದುಕೊಂಡೆ. ಅಷ್ಟು ದಡ್ಡಿ ನಾನು.

ಯುಗಾದಿ ಆಗಿ ಎರಡು ದಿನಕ್ಕೆ, ಹೋಳಿಗೆಯ ವಾಸನೆ ಇನ್ನೂ ಮನೆ ಬಿಟ್ಟಿರಲಿಲ್ಲ, ಜೋರು ಮಳೆ. ಮಗ್ಗ ನಿಂತವು. ನಾನು ಕಟ್ಟೆಯ ಮೇಲೆ ಒಬ್ಬಳೇ ಗಜಗ ಆಡುತ್ತಿದ್ದೆ. ಒಳಗೆ ಆಯಿಯ ದನಿ.

"ಬೀಗರು ಎರಡ ಸಲ ಹೇಳಿ ಕಳಸ್ಯಾರ. ಮಂದಿ ಬಾಯಿಗೆ ಎಷ್ಟ ದಿನಾ ಕೈ ಅಡ್ಡ ಹಿಡೀಲಿ?"

ಅತ್ತಿ ಮಾತಾಡಿದಳು. "ಅಣ್ಣಾ, ಬಳ್ಳಿ ಕಾಯಿ ಬಿಡೂತನಾ ಇರ್ತೀನಿ. ಒಂದ ಕಾಯಿ ನೋಡಿ ಹೊಕ್ಕೀನಿ."

"ಆತ ಬಿಡವ್ವಾ," ಅಂದ ಅಪ್ಪ. "ಒಂದ ಕಾಯಿ ಬಿಡಲಿ."

"ಮೊದಲನೇ ಕಾಯಿ ಕೊಯ್ದ ದಿನಾನ ಬೀಗರಿಗೆ ಹೇಳಿ ಕಳಸ್ತೀನಿ ಮತ್ತ," ಅಂದಳು ಆಯಿ. ಹಾಗಂದವಳೇ ಅಳತೊಡಗಿದಳು.

ಗಜಗ ಕೈಯಿಂದ ಚೆಲ್ಲಿಹೋದವು. ಅಯ್ಯೋ ಶಿವನೇ! ಇಷ್ಟು ದಿನ ಆ ಬಳ್ಳಿಗೆ ಸಗಣಿ ಹೊತ್ತವಳು ನಾನೇ ಅಲ್ಲವೇ?

ಮುಂದಿನ ಎರಡು ವಾರದಲ್ಲಿ ಬಳ್ಳಿಗೆ ಮೊಗ್ಗು ಬಂದವು. ಹೀರಿ ಹೂ ಅರಳುವುದು ಸಂಜೆಗೆ. ಹಳದಿ ಹೂವು, ಕೆಲವಕ್ಕೆ ಬುಡದಲ್ಲಿ ಬೆರಳಷ್ಟು ಹೀಚು ಇರುತ್ತದೆ, ಅದೇ ಮುಂದೆ ಕಾಯಿ. ಅತ್ತಿ ಒಲೆಯ ಮುಂದೆ ಕೂತ ಹೊತ್ತು ನೋಡಿ ನಾನು ಹಿತ್ತಲಿಗೆ ಹೋಗಿ ಹೀಚು ಇದ್ದ ಹೂವನ್ನೆಲ್ಲ ಚಿವುಟಿದೆ. ಚಿವುಟಿದ್ದನ್ನು ಬಚ್ಚಲ ಮೋರಿಗೆ ಹಾಕಿ ನೀರು ಸುರಿದೆ. ಮರುದಿನ ಮತ್ತೆ. ಅದರ ಮರುದಿನ ಮತ್ತೆ. ಕೆಲವು ಸಂಜೆ ಹೋಗಿ ನೋಡಿದರೆ ಒಂದು ಹೀಚೂ ಇರುತ್ತಿರಲಿಲ್ಲ. ಮಳೆಯೇ ಉದುರಿಸಿತು ಅಂದುಕೊಂಡು ಮಳೆಗೆ ಕೈಮುಗಿದೆ. ಬೀಗರ ಊರಿಗೆ ಎರೆಮಣ್ಣಿನ ದಾರಿ, ಮಳೆ ಇರುವತನಕ ಗಾಡಿ ಹೊರಬೀಳುವುದಿಲ್ಲ ಅಂತ ಬೇರೆ ಕೇಳಿದ್ದೆ. ಇಡೀ ಓಣಿ ಮಳೆಯನ್ನು ಬೈಯುತ್ತಿತ್ತು. ನಾನೊಬ್ಬಳೇ ಬಾ ಬಾ ಅನ್ನುತ್ತಿದ್ದೆ.

ಒಂದು ರಾತ್ರಿ ಊಟಕ್ಕೆ ಕೂತಾಗ ಅತ್ತಿ ರೊಟ್ಟಿ ಮುರಿಯುವುದನ್ನು ನೋಡಿದೆ. ಅವಳ ಹೆಬ್ಬೆರಳಿನ ಉಗುರ ಸಂದಿಯೂ ನನ್ನದರ ಹಾಗೇ ಹಸಿರು. ಅವಳೂ ನನ್ನ ಕೈ ನೋಡಿದಳು.

"ಕೈ ಛಲೋತ್ನಂಗ ತೊಳಕೋ ಹೋಗ, ನೀಲಾ," ಅಂದಳು ಮೆಲ್ಲಗೆ. "ಆಯಿ ನೋಡ್ತಾಳ."

ಅವಳೂ ಚಿವುಟುತ್ತಿದ್ದಳು! ನನ್ನ ಮೈಯೆಲ್ಲ ಹಗುರಾಯಿತು. ಇಬ್ಬರೂ ಸೇರಿದ ಮೇಲೆ ಇನ್ನು ಯಾರೇನು ಮಾಡಿಯಾರು? ಆ ಬಗ್ಗೆ ನಾವು ಮುಂದೆ ಒಂದು ಮಾತೂ ಆಡಲಿಲ್ಲ. ಅಪ್ಪ ಒಮ್ಮೆ ಹಿತ್ತಲಿಗೆ ಬಂದು ಬಳ್ಳಿ ನೋಡಿ, "ಬರೇ ಎಲಿ. ಮಳಿ ಭಾಳ ಆತು," ಅಂದ. ಅವನಿಗೇನೂ ಬೇಸರವಾದಂತೆ ಕಾಣಲಿಲ್ಲ.

ಹೀಗೆ ಬಸವ ಜಯಂತಿಯೂ ದಾಟಿತು. ಅದೇ ವಾರ ಒಂದು ಮಧ್ಯಾಹ್ನ, ಕರೆಂಟು ಹೋಗಿ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದಾಗ, ಪಕ್ಕದ ಮನೆಯ ಮಾಲಾ ಕಾಕು ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ನಗುತ್ತ ಬಂದಳು.

"ಆಯಿ, ನಿಮ್ಮ ಮಗಳ ಕೈಗುಣ ನೋಡ್ರಿ! ಗಾಳಿಗೆ ಬಳ್ಳಿ ಗ್ವಾಡಿ ದಾಟಿ ನಮ್ಮ ಬಚ್ಚಲ ಹಿಂದ ಬಂದೈತಿ. ಎಲಿ ಸರಿಸಿ ನೋಡ್ತೀನಿ, ಇದ!"

ಮೊಳದುದ್ದದ ಹೀರೇಕಾಯಿ. ಮೈತುಂಬ ಏಣು, ಮೇಲೆ ಇನ್ನೂ ಮಳೆಹನಿ.

ಪಾಪ, ಕಾಕುವಿಗೆ ಏನು ಗೊತ್ತು? ಅವಳು ನಗುತ್ತಲೇ ಇದ್ದಳು. ನಾನು ಎದ್ದು ಕಿರುಚಿದೆ. "ಅದು ನಮ್ಮದಲ್ಲ! ನಿಮ್ಮ ಕಡಿ ಬಿಟ್ಟೈತಿ, ಅದು ನಿಮ್ಮ ಕಾಯಿ! ಒಯ್ಯಿರಿ ಅದನ್ನ!"

"ಹುಚ್ಚಿ," ಅಂದಳು ಕಾಕು. "ಬೇರ ನಿಮ್ಮ ಹಿತ್ತಲದಾಗ ಐತಲ್ಲವ್ವಾ."

ನಾನು ಅಪ್ಪನ ಮುಖ ನೋಡಿದೆ. ಅವನು ಎದ್ದು ಮಗ್ಗದ ಹತ್ತಿರ ಹೋಗಿ, ಕಡಿದ ಎಳೆ ಗಂಟುಹಾಕುವವನ ಹಾಗೆ ಬಗ್ಗಿ ನಿಂತ. ಕರೆಂಟು ಬರುವತನಕ ಹಾಗೇ ನಿಂತಿದ್ದ. ಆಯಿ ಕಾಯಿ ತೆಗೆದುಕೊಂಡು ಒಳಗೆ ಹೋದಳು.

ಮೂರನೆಯ ದಿನ ಬೀಗರ ಕಡೆಯಿಂದ ಇಬ್ಬರು ಬಂದರು. ಬೆಳಗಿನಿಂದ ಆಕಾಶ ನೋಡಿ ನೋಡಿ ನನ್ನ ಕುತ್ತಿಗೆ ನೋಯುತ್ತಿತ್ತು. ಅಷ್ಟು ದಿನ ತಪ್ಪದೆ ಬಂದ ಮಳೆ ಅವತ್ತು ಬರಲಿಲ್ಲ. ಅವ್ವ ಅತ್ತಿಯ ಉಡಿ ತುಂಬಿದಳು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಕುಪ್ಪಸದ ಖಣ. ಆಯಿ ಬುತ್ತಿ ಕಟ್ಟಿದಳು. ರೊಟ್ಟಿಯ ಜೊತೆ ಅದೇ ಹೀರೇಕಾಯಿಯ ಪಲ್ಯ. ನಾನು ಅತ್ತಿಯ ಸೆರಗು ಹಿಡಿದೆ. ಅವ್ವ ನನ್ನ ಬೆರಳು ಒಂದೊಂದಾಗಿ ಬಿಡಿಸಿದಳು.

"ದಿನಾ ಸಂಜೀಕ ನೀರ ಹಾಕವ್ವ," ಅಂದಳು ಅತ್ತಿ. ಅಳಲಿಲ್ಲ. ಉಡಿಯ ಭಾರಕ್ಕೆ ಬಗ್ಗಿಕೊಂಡೇ ಹೊಸ್ತಿಲು ದಾಟಿದಳು.

ಆಮೇಲೆ ಆ ಬಳ್ಳಿ ಬಿಟ್ಟಿತು ನೋಡಿ! ಚಿವುಟುವವರು ಯಾರೂ ಇರಲಿಲ್ಲವಲ್ಲ. ದಿನಕ್ಕೆ ನಾಲ್ಕು, ಆರು. ಪಲ್ಯ ಮಾಡಿದರು, ಸಿಪ್ಪೆಯ ಚಟ್ನಿ ಮಾಡಿದರು, ಭಜಿ ಕರಿದರು, ಓಣಿಗೆಲ್ಲ ಹಂಚಿದರು. "ಶಾಂತಾನ ಕೈಗುಣ," ಅಂತ ಎಲ್ಲರೂ ಹೊಗಳಿದರು. ನಾನು ಒಂದು ತುತ್ತೂ ತಿನ್ನಲಿಲ್ಲ. ಆದರೆ ಹೇಳಿದ ಹಾಗೆ ದಿನಾ ನೀರು ಹಾಕಿದೆ.

ನಾಗರ ಪಂಚಮಿಗೆ ಅತ್ತಿ ನಾಲ್ಕು ದಿನ ಬಂದಳು, ಜೊತೆಗೆ ಕಾವಲಿಗೆ ಒಬ್ಬ ಮೈದುನ. ಒಣಗಿದ ಕಾಯಿಯಿಂದ ಬಿಡಿಸಿಟ್ಟ ಬೀಜವನ್ನು ಕಾಗದದಲ್ಲಿ ಕಟ್ಟಿ ಅವಳ ಕೈಗೆ ಕೊಟ್ಟೆ. ಬಿಚ್ಚಿ ನೋಡಿದಳು. "ಎಲ್ಲಿ ಹಾಕಲಿ, ನೀಲಾ?" ಅಂದು ಮಡಚಿ ನನ್ನ ಕೈಯಲ್ಲೇ ಇಟ್ಟಳು.

ಅಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವನಿಲ್ಲ, ಸಿಟ್ಟು ಇದೆ. "ಕಳಸೂದಿಲ್ಲ" ಅನ್ನುವ ಒಂದು ಮಾತು ಆಡಲಾರದೆ ಅದನ್ನು ಬಳ್ಳಿಯ ಮೇಲೆ ಹಾಕಿ ಕೂತನಲ್ಲ! ಆ ಹಿತ್ತಲಿಗೆ ಈಗ ಕಾಂಕ್ರೀಟು ಬಿದ್ದಿದೆ, ಅಲ್ಲೂ ನಾಲ್ಕು ಮಗ್ಗ ಓಡುತ್ತವೆ. ಮಾಲಾ ಕಾಕುವಿನ ಗೋಡೆ ಎತ್ತರವಾಗಿದೆ.

ನಾನು ಜಮಖಂಡಿಯಲ್ಲಿ ಮಾಸ್ತರಿಕೆ ಮಾಡುತ್ತೇನೆ. ಹೆಣ್ಣುಮಕ್ಕಳಿಗೆ ಧೈರ್ಯದ ಪಾಠ ಹೇಳುತ್ತೇನೆ, ಚೆನ್ನಾಗಿಯೇ ಹೇಳುತ್ತೇನೆ. ಈ ವರ್ಷವೂ ಚೈತ್ರದಲ್ಲಿ ಮಳೆ ಹಿಡಿದಾಗ ಅತ್ತಿಗೆ ಫೋನು ಮಾಡಿದೆ.

"ಆರಾಮ ಅದೀಯೇನ ಅತ್ತಿ?"

"ಆರಾಮ ಅದೀನವ್ವಾ."

ಹಿಂದೆ ಯಾರೋ ಗಂಡಸು ಯಾರ ಫೋನು ಅಂತ ಕೇಳಿದ್ದು ನನಗೂ ಕೇಳಿಸಿತು. ಅತ್ತಿ ದನಿ ತಗ್ಗಿಸಿದಳು. ಒಂಬತ್ತು ವರ್ಷದವಳಿದ್ದಾಗ ನಾನು ಮೋರಿಗೆ ನೀರು ಸುರಿದಾದರೂ, ಕದ್ದಾದರೂ, ದಿನಾ ಏನಾದರೂ ಮಾಡುತ್ತಿದ್ದೆ. ಈಗ "ಆತ, ಇಡ್ತೀನಿ ಅತ್ತಿ, ಮಳಿ ಐತಿ" ಅಂದೆ, ಇಟ್ಟೆ.