ಜೀರುಂಡೆ ಇಲ್ಲದ ಬೋರ್ಡು

ಲಿಫ್ಟ್ ರಿಪೇರಿಗೆ ಹೆಂಗಸೊಬ್ಬಳು ಬಂದು ನಿಂತರೆ, ಅವಳ ಹಿಂದೆ ಗಂಡಸು ಯಾರಾದರೂ ಬರುತ್ತಿದ್ದಾನೋ ಎಂದು ಜನ ಇಣುಕುತ್ತಾರೆ. ಇಪ್ಪತ್ತಾರು ವರ್ಷಗಳಿಂದ ಅವಳಿಗೆ ಇದು ರೂಢಿ. "ನಾನೇ ಬಂದಿರೋದು, ಬಾಗಿಲು ತೆಗೀರಿ" ಎಂದು ಚೀಲ ಕೆಳಗಿಡುತ್ತಾಳೆ. ಬೀದಿಯವರಿಗೆ ಅವಳು ಲಿಫ್ಟಕ್ಕ. ತಮಾಷೆಗೆ ಹಾಗೆ ಕರೆಯತೊಡಗಿದ ಗಂಡನ ಬಾಯಿಗೂ ಆ ಹೆಸರು ಅಂಟಿಕೊಂಡುಬಿಟ್ಟಿದೆ.

ಹಳೆಯ ಲಿಫ್ಟುಗಳನ್ನು ಒಂದೊಂದಾಗಿ ಕಿತ್ತು ಹೊಸವನ್ನು ಹಾಕುವ ಕೆಲಸ ಶುರುವಾದಾಗ, ಕೀಳುವ ಮೊದಲು ಅವುಗಳ ವಿಡಿಯೋ ಮಾಡಿಡಬೇಕೆಂದು ಅವಳಿಗೆ ತೋಚಿತು. ಮಡಚುವ ಕಬ್ಬಿಣದ ಬಾಗಿಲು, ಸವೆದ ಹಿತ್ತಾಳೆ ಗುಂಡಿಗಳು, ಮೇಲ್ಮಾಳಿಗೆಯ ಕೋಣೆಯಲ್ಲಿ ಎಣ್ಣೆ ಕುಡಿದು ತಿರುಗುವ ಚಕ್ರ, ಎಲ್ಲವನ್ನೂ ಫೋನಿನಲ್ಲಿ ಹಿಡಿದು ತರುತ್ತಿದ್ದಳು. ರಜೆಯ ದಿನ ಮಧ್ಯಾಹ್ನ ಮಲಗುವ ಕೋಣೆಯ ಮೂಲೆಯ ಮೇಜಿನಲ್ಲಿ ಅವನ್ನು ಕತ್ತರಿಸಿ ಜೋಡಿಸಿ, ಮೈಕು ಹಿಡಿದು ತಾನೇ ವಿವರಣೆ ಕೊಡುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಅತ್ತೆ ಕೂತು ಕೇಳುತ್ತಿದ್ದರು. ಆರು ವರ್ಷದ ಹಿಂದೆ ಅವರ ಕಣ್ಣು ಪೂರ್ತಿ ಹೋಗಿತ್ತು. ಆದರೆ ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರ ಕಿವಿ ಎಲ್ಲಿ ಹೋಗುತ್ತದೆ?

"ನಿನ್ನ ಗಂಟಲಲ್ಲಿ ಜೀರುಂಡೆ ಸೇರ್ಕೊಂಡಿದೆ ಕಣೇ," ಎಂದರು ಅತ್ತೆ ಒಂದು ದಿನ.

ಲಿಫ್ಟಕ್ಕ ಧ್ವನಿ ಹೆಚ್ಚಿಸಿ ಕೇಳಿದಳು. ಹೌದು, ಅವಳ ಮಾತಿನ ಹಿಂದೆ ಸಣ್ಣಗೆ ಕಿರ್ರ್ ಎನ್ನುವ ಸದ್ದು. ಮೌಸ್ ಅಲ್ಲಾಡಿಸಿದರೆ ಜೋರಾಗುತ್ತದೆ, ಬಿಟ್ಟರೆ ಇಳಿಯುತ್ತದೆ. ಅದು ಸಾಲದೆಂಬಂತೆ, ಎರಡು ವಿಡಿಯೋ ಒಟ್ಟಿಗೆ ಹಾಕಿದರೆ ಕಂಪ್ಯೂಟರ್ ನಿಂತಲ್ಲೇ ನಿಲ್ಲುತ್ತಿತ್ತು.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಗಂಡ, "ಹೊಸದು ತಗೊಂಡುಬಿಡು, ಯಾಕೆ ತಲೆ ಕೆಡಿಸ್ಕೋತೀಯ?" ಎಂದ. ಆದರೆ ತಲೆ ಕೆಡಿಸಿಕೊಳ್ಳುವುದೇ ಅವಳಿಗೆ ಇಷ್ಟ. ಮೂರು ವಾರ ಸಿಕ್ಕಿದ್ದನ್ನೆಲ್ಲ ಓದಿದಳು. ಪ್ರೊಸೆಸರ್ ಯಾವುದು ಒಳ್ಳೆಯದೆಂದು ಎಲ್ಲರೂ ಕೂಗಿ ಹೇಳುತ್ತಿದ್ದರು. ಅವಳ ಮನಸ್ಸು ಹೋದದ್ದು ಎಲ್ಲ ಭಾಗಗಳೂ ಬಂದು ಕೂರುವ ಮದರ್‌ಬೋರ್ಡಿನ ಕಡೆಗೆ. ಲಿಫ್ಟಿನ ಮೋಟಾರು ಎಷ್ಟೇ ದೊಡ್ಡದಿರಲಿ, ಯಾವ ಮಹಡಿಯಲ್ಲಿ ನಿಲ್ಲಬೇಕೆಂದು ಹೇಳುವುದು ಗೋಡೆಯ ಮೇಲಿನ ಕಂಟ್ರೋಲ್ ಪೆಟ್ಟಿಗೆ. ಇದೂ ಹಾಗೇ ಇರಬೇಕು ಎಂದುಕೊಂಡಳು.

ಶನಿವಾರ ಬೆಳಗ್ಗೆ ಅತ್ತೆಯ ಕೈ ಹಿಡಿದು ಕಂಪ್ಯೂಟರ್ ಅಂಗಡಿಗೆ ಹೋದಳು. ಅಂಗಡಿಯವನು ನೀಲಿ, ಕೆಂಪು ದೀಪ ಮಿನುಗುವ ದುಬಾರಿ ಬೋರ್ಡೊಂದನ್ನು ತೋರಿಸಿದ. ಅದನ್ನು ಜೋಡಿಸಿದ ಕಂಪ್ಯೂಟರ್ ಗಾಜಿನ ಪೆಟ್ಟಿಗೆಯೊಳಗೆ ಓಡುತ್ತಲೇ ಇತ್ತು.

"ದೀಪ ಬೇಡ. ಇದು ಸುಮ್ನಿದ್ದಾಗ ಹೇಗೆ ಕೇಳಿಸತ್ತೆ ಅಂತ ನೋಡ್ಬೇಕು," ಎಂದಳು.

"ಸುಮ್ನಿದ್ದಾಗ ಏನು ಕೇಳಿಸತ್ತೆ?"

"ಅದನ್ನೇ ನಮ್ಮತ್ತೆ ಹೇಳ್ತಾರೆ."

ಅವನು ನಗುತ್ತಲೇ ಹೆಡ್‌ಫೋನ್ ಸಿಕ್ಕಿಸಿಕೊಟ್ಟ. ಅತ್ತೆ ಕಿವಿಗಿಟ್ಟುಕೊಂಡು ಉಸಿರು ಹಿಡಿದು ಕೂತರು. ಲಿಫ್ಟಕ್ಕ ಮೌಸ್ ಅಲ್ಲಾಡಿಸಿದಳು. "ಇದ್ರಲ್ಲೂ ಇದೆ," ಎಂದರು ಅತ್ತೆ. "ನಮ್ಮನೆಯದಕ್ಕಿಂತ ಸ್ವಲ್ಪ ಸಣ್ಣ ಜೀರುಂಡೆ."

ಅಂಗಡಿಯವನ ನಗು ಮಾಯವಾಯಿತು. ತಾನೂ ಕೇಳಿದ. "ಇಷ್ಟು ದಿನ ನಾನು ಗಮನಿಸ್ಲೇ ಇಲ್ವಲ್ಲ!"

ಲಿಫ್ಟಕ್ಕ ಆಗಲೇ ಬಗ್ಗಿ ಹೆಡ್‌ಫೋನಿನ ವೈರು ಎಲ್ಲಿಗೆ ಹೋಗಿದೆಯೆಂದು ನೋಡುತ್ತಿದ್ದಳು. ಅದು ಪೆಟ್ಟಿಗೆಯ ಮುಂಭಾಗದ ತೂತಿನಲ್ಲಿತ್ತು. ಅಲ್ಲಿಂದ ಒಳಗೆ ಒಂದು ತೆಳು ವೈರು ಗ್ರಾಫಿಕ್ಸ್ ಕಾರ್ಡಿಗೆ ಒರಗಿಕೊಂಡು, ಬೋರ್ಡಿನ ಉದ್ದಕ್ಕೂ ಸುತ್ತಿ ಹಾಯ್ದು ಹೋಗಿತ್ತು. ಅವಳು ಹೆಡ್‌ಫೋನನ್ನು ಕಿತ್ತು ಹಿಂಭಾಗಕ್ಕೆ, ನೇರ ಬೋರ್ಡಿನ ಮೇಲಿದ್ದ ತೂತಿಗೇ ಸಿಕ್ಕಿಸಿದಳು.

"ಹೋಯ್ತು," ಎಂದರು ಅತ್ತೆ. "ಪೂರ್ತಿ ಹೋಯ್ತು."

ಲಿಫ್ಟಕ್ಕ, "ತಡೀರಿ, ಈಗ್ಲೇ ಏನೂ ತಗೊಳಲ್ಲ" ಎಂದು ಅತ್ತೆಯನ್ನು ಎಬ್ಬಿಸಿಕೊಂಡು ಮನೆಗೆ ಓಡಿದಳು. ಕೈಗೆ ಬಂದ ಗಿರಾಕಿ ಜಾರಿತೆಂದು ಅಂಗಡಿಯವನು ನೋಡುತ್ತ ನಿಂತ.

ಮನೆಯಲ್ಲಿ ಹಳೆಯ ಕಂಪ್ಯೂಟರಿನ ಮುಂಭಾಗದಿಂದ ಮೈಕನ್ನು ತೆಗೆದು ಹಿಂಭಾಗಕ್ಕೆ ಹಾಕಿ ನಾಲ್ಕು ಮಾತು ರೆಕಾರ್ಡ್ ಮಾಡಿದಳು. ಕಿರ್ರ್ ಇಲ್ಲ! ಸದ್ದು ವೈರು ಸಾಗಿದ ದಾರಿಯಲ್ಲಿತ್ತೇ ಹೊರತು ಬೋರ್ಡಿನದೇನೂ ತಪ್ಪಿರಲಿಲ್ಲ.

"ಹಾಗಾದ್ರೆ ಹೊಸ ಬೋರ್ಡೇ ಬೇಡ ಅನ್ನು," ಎಂದ ಗಂಡ, ದುಡ್ಡು ಉಳಿಯಿತೆಂದು ಒಳಗೊಳಗೇ ಖುಷಿಪಡುತ್ತ.

"ಅದಕ್ಕೆ ಬೇಡ. ಆದ್ರೆ ಇನ್ನೊಂದಕ್ಕೆ ಬೇಕು," ಎಂದು ಪೆಟ್ಟಿಗೆಯ ಬದಿಯ ಮುಚ್ಚಳ ತೆಗೆದು ತೋರಿಸಿದಳು. ಹಳೆಯ ಬೋರ್ಡಿನಲ್ಲಿ ಮೆಮೊರಿ ಪಟ್ಟಿಗೆ ಇದ್ದದ್ದು ಎರಡೇ ಸೀಳು, ಎರಡೂ ಭರ್ತಿ. ಅವುಗಳಲ್ಲಿ ಕೂರಬಲ್ಲ ಅತಿ ದೊಡ್ಡ ಪಟ್ಟಿಗಳೇ ಆಗಲೇ ಕೂತಿದ್ದವು. ವಿಡಿಯೋ ನಿಲ್ಲುತ್ತಿದ್ದದ್ದು ಅದಕ್ಕೇ.

"ಅಷ್ಟು ಮಾತ್ರ ನೋಡಿ ತಗೋ," ಎಂದರು ಅತ್ತೆ. "ಉಳಿದ ಮಿನುಗು ನನಗಂತೂ ಕಾಣಲ್ಲ."

ಸಂಜೆ ಮತ್ತೆ ಅಂಗಡಿಗೆ ಹೋಗಿ ಬಣ್ಣವಿಲ್ಲದ, ದೀಪವಿಲ್ಲದ ಒಂದು ಬೋರ್ಡನ್ನು ಆರಿಸಿಕೊಂಡಳು. ಮೆಮೊರಿಗೆ ನಾಲ್ಕು ಸೀಳು, ವಿಡಿಯೋ ತುಂಬಿಡುವ ಚಿಕ್ಕ ಡಿಸ್ಕುಗಳಿಗೆ ಎರಡು ಜಾಗ, ಹಿಂಭಾಗದಲ್ಲಿ ವೈರು ಸಿಕ್ಕಿಸಲು ಬೇಕಾದಷ್ಟು ತೂತುಗಳು, ಪ್ರೊಸೆಸರ್ ಪಕ್ಕದ ಬಿಸಿ ಎಳೆದುಕೊಳ್ಳಲು ದಪ್ಪ ಅಲ್ಯೂಮಿನಿಯಂ. ಅದಕ್ಕೆ ಹೊಂದುವ ಪ್ರೊಸೆಸರ್ ಮತ್ತು ಮೆಮೊರಿಯನ್ನೂ ತಂದಳು.

ಜೋಡಿಸಲು ಎರಡು ರಜೆ ಹಿಡಿಯಿತು. ಒಂದು ಸಲ ಪ್ರೊಸೆಸರ್‌ಗೆ ವಿದ್ಯುತ್ ಕೊಡುವ ವೈರನ್ನೇ ಮರೆತು, ಹೊತ್ತಿಕೊಳ್ಳದ ಪರದೆಯ ಮುಂದೆ ಗಂಟೆಗಟ್ಟಲೆ ಕೂತಳು. ಬೈಯಲು ಯಾರೂ ಸಿಗದೆ ತನ್ನನ್ನೇ ಬೈದುಕೊಂಡಳು. ಮೂರನೆಯ ರಜೆಯಂದು ಮೂರು ವಿಡಿಯೋಗಳು ಒಂದರ ಮೇಲೊಂದು ಎಲ್ಲೂ ತಡವರಿಸದೆ ಓಡಿದವು. ಹಳೆಯ ಆಸ್ಪತ್ರೆಯ ಲಿಫ್ಟಿನ ಚಿತ್ರ ಅಂದೇ ಮುಗಿಯಿತು. ಅತ್ತೆ ಕಿವಿಯಿಟ್ಟು ಕೇಳಿ, ಎರಡನೆಯ ಮಹಡಿಯಲ್ಲಿ ಲಿಫ್ಟು ಒಂದು ಕ್ಷಣ ಏದುಸಿರು ಬಿಟ್ಟದ್ದನ್ನು ಹಿಡಿದುಹಾಕಿದರು. ಅಲ್ಲಿ ಬೇರಿಂಗ್ ಸವೆದಿದ್ದದ್ದು ನಿಜ.

ಮುಂದಿನ ವಾರ ಅಂಗಡಿಯವನ ಫೋನು ಬಂತು. "ಅಕ್ಕ, ಬಂದ ಬೋರ್ಡನ್ನೆಲ್ಲ ಈಗ ನಾನು ಹೆಡ್‌ಫೋನ್ ಕಿವಿಗಿಟ್ಕೊಂಡೇ ನೋಡ್ತಿದ್ದೀನಿ. ಒಂದ್ರಲ್ಲಿ ವಿಚಿತ್ರವಾದ ಸದ್ದು. ಸುರುಳಿ ಸುತ್ತೋ ಥರ."

"ಯಾವ ಥರ ಅಂತ ಸರಿಯಾಗಿ ಹೇಳಿ."

"ಹೇಳೋಕೆ ಬರ್ತಿಲ್ಲ, ಅದಕ್ಕೇ ಫೋನ್ ಮಾಡಿದ್ದು. ಅಮ್ಮನ್ನ ಕರ್ಕೊಂಡು ಬರ್ತೀರಾ?"

ಅವಳು ಉತ್ತರ ಕೊಡುವಷ್ಟರಲ್ಲಿ ಅತ್ತೆ ಬಾಗಿಲ ಬಳಿ ನಿಂತು, ಕಾಲಿನಿಂದ ಚಪ್ಪಲಿ ತಡಕಾಡುತ್ತಿದ್ದರು.