ಕೈ ಕಟ್ಟಿ ಕೂರಿಸಿದ ಟೀಚರು

ಟೀಚರನ್ನು ಕಾಜಾ ಅಮ್ಮ ಮೊದಲು ಕಂಡದ್ದು ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಹೊಲಿದ ಎರಡು ಪರದೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೊಡಲು ಹೋದಾಗ. ಕಾಜಾ ಅಮ್ಮ ಅಂದರೆ ದರ್ಜಿಯ ಹೆಂಡತಿ. ದರ್ಜಿ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಅಂಗಿಗಳಿಗೆ ಗುಂಡಿ ಹೊಲಿದು, ಗುಂಡಿ ತೂರುವ ಕಂಡಿಗೆ ಕಾಜಾ ಹಾಕುವ ಕೆಲಸ ಆಕೆಯ ಕೈಯಲ್ಲಿ ಉಳಿದಿತ್ತು, ಹೆಸರೂ ಅದರದೇ ಉಳಿಯಿತು. ಇನ್ನೊಂದು ಕೈಯಲ್ಲಿ ಮಗಳಿದ್ದಳು. ಮಗಳಿಗೆ ಮೂವತ್ತೆರಡು. ಬುದ್ಧಿ ಬೆಳೆಯುವುದು ನಿಧಾನ ಎಂದು ಡಾಕ್ಟರು ಅವಳ ಮೂರನೇ ವರ್ಷದಲ್ಲಿ ಹೇಳಿದ್ದರು. ಅಂದು ಹಿಡಿದ ಕೈಯನ್ನು ತಾಯಿ ಬಿಟ್ಟಿರಲಿಲ್ಲ.

ಟೀಚರು ಹಳೆಯ ಗೋದಾಮಿನ ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದರು. ಸ್ಟೂಲಿನ ಮೇಲೆ ನಿಂತು ಪರದೆಯ ಸರಳು ಸಿಕ್ಕಿಸುತ್ತಿದ್ದವರು ಇಳಿದುಬಂದು ಮಗಳ ಎದುರಿಗೆ ನಿಂತರು.

"ನಿಮಗೆ ಟೀ ಬೇಕಾ, ನೀರು ಬೇಕಾ?"

ಮಗಳು ಹಿಂದೆ ತಿರುಗಿ ನೋಡಿದಳು. ಅವಳನ್ನು ಯಾರೂ ಬಹುವಚನದಲ್ಲಿ ಮಾತಾಡಿಸಿದ್ದಿಲ್ಲ. ದೊಡ್ಡವರು ಯಾರೋ ಹಿಂದೆ ನಿಂತಿರಬೇಕು ಅಂದುಕೊಂಡಳು.

"ಅವಳಿಗೆ ಟೀ. ಎರಡು ಚಮಚ ಸಕ್ಕರೆ," ಅಂದಳು ಕಾಜಾ ಅಮ್ಮ.

ಟೀಚರು ಆಕೆಗೆ ತಲೆಯಾಡಿಸಿದರು, ಆದರೆ ಮಗಳ ಮೇಲಿನ ಕಣ್ಣು ತೆಗೆಯಲಿಲ್ಲ. ಸುಮ್ಮನೆ ನಿಂತರು. ಎಷ್ಟು ಹೊತ್ತು ಅಂದರೆ, ಒಂದು ಕಾಜಾದ ಒಂದು ಬದಿ ಹೊಲಿದು ಮುಗಿಸುವಷ್ಟು.

"ಟೀ," ಅಂದಳು ಮಗಳು. ಆಮೇಲೆ ಒಂದು ಬೆರಳೆತ್ತಿದಳು. "ಸಕ್ಕರೆ ಒಂದು."

ಮೂವತ್ತು ವರ್ಷ ಎರಡೆರಡು ಚಮಚ ಹಾಕಿ ಕುಡಿಸಿದ ತಾಯಿ ಪರದೆ ಬಿಚ್ಚತೊಡಗಿದಳು.

ಟೀಚರ ಹಿಂದಿನ ಕಥೆ ಇಷ್ಟು. ಇಂಥ ಮಕ್ಕಳ ಶಾಲೆಯೊಂದರಲ್ಲಿ ಅವರು ಇಪ್ಪತ್ತೊಂದು ವರ್ಷ ಪಾಠ ಹೇಳಿದ್ದರು. ಹದಿನೆಂಟು ತುಂಬಿದವರನ್ನು ಆ ಶಾಲೆ ಕೈಗೊಂದು ಸರ್ಟಿಫಿಕೇಟು ಕೊಟ್ಟು ಗೇಟಿನಾಚೆ ಬಿಡುತ್ತಿತ್ತು. ಆಮೇಲೆ ಅವರ ಪಾಲಿಗೆ ಇದ್ದದ್ದು ಮನೆಯ ಕಿಟಕಿ. ಒಮ್ಮೆ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಆರು ತಿಂಗಳು ಕೂತು ಅವನಿಗೆ ಶೂ ಲೇಸು ಕಟ್ಟಲು ಕಲಿಸಿದ್ದರು. ಈಗ ಅವನ ಎಪ್ಪತ್ತು ದಾಟಿದ ಅಪ್ಪ ಬಗ್ಗಿ ಅದನ್ನು ಕಟ್ಟುತ್ತಿದ್ದರು. ಟೀಚರು ಆ ತಿಂಗಳೇ ಕೆಲಸ ಬಿಟ್ಟರು.

ಗೋದಾಮಿನ ಮೇಲಿನ ಕೋಣೆಗಳಲ್ಲಿ ಮಣಿ ಪೋಣಿಸುವುದು, ಚಿತ್ರಕ್ಕೆ ಬಣ್ಣ ತುಂಬುವುದು ಇರಲಿಲ್ಲ. ನಿಜವಾದ ಒಲೆ ಇತ್ತು, ಬಾಗಿಲಿಗೆ ಬೀಗ ಇತ್ತು, ಹಾಸಿಗೆ, ಪೊರಕೆ, ಇಸ್ತ್ರಿ ಪೆಟ್ಟಿಗೆ ಇದ್ದವು. ಮೊದಲ ವರ್ಷ ಆರು ಜನ, ಕಾಜಾ ಅಮ್ಮನ ಮಗಳೂ ಸೇರಿ. ಎಲ್ಲರಿಗಿಂತ ಹಿರಿಯನಿಗೆ ಐವತ್ತೊಂದು. ಕಲಿಸುವ ದಾರಿ ತಿರುಗುಮುರುಗು. ಯಾವ ಕೆಲಸವಾದರೂ ಕೊನೆಯ ಹೆಜ್ಜೆ ಮೊದಲು. ಅಂಗಿಗೆ ಆರು ಗುಂಡಿ ಇದ್ದರೆ ಐದನ್ನು ತಾವು ಹಾಕಿ, ಆರನೆಯದನ್ನು ಕಲಿಯುವವರಿಗೆ ಬಿಡುತ್ತಿದ್ದರು. ಅದು ಬಂದರೆ ಮರುವಾರ ಎರಡು.

"ಇದೇನು ಟೀಚರೇ, ಬಾಲ ಹಿಡ್ಕೊಂಡು ಹಸು ಹತ್ತಿದ ಹಾಗೆ," ಅಂದಳು ಕಾಜಾ ಅಮ್ಮ.

"ಮೊದಲ್ನೇ ಗುಂಡಿ ಹಾಕಿದ್ರೆ ಇನ್ನೂ ಐದು ಮಿಕ್ಕಿರುತ್ತಮ್ಮ, ಉಸ್ಸಪ್ಪಾ ಅನ್ಸುತ್ತೆ. ಕೊನೇದು ಹಾಕಿದ್ರೆ ಅಂಗಿ ಹಾಕ್ಕೊಂಡಿದ್ದು ಯಾರು? ಅವರೇ."

ಮೂರನೇ ವಾರ ಕಾಜಾ ಅಮ್ಮ ತನ್ನ ಸಂಕಟ ಹೇಳಿಕೊಂಡಳು. ಆಕೆಯ ಹೊಟ್ಟೆಯಲ್ಲಿ ಗಡ್ಡೆ. ಇನ್ನು ಹದಿನಾಲ್ಕು ವಾರಕ್ಕೆ ಆಪರೇಷನ್ನು, ಐದು ದಿನ ಆಸ್ಪತ್ರೆ. ಗಂಡನ ಅಣ್ಣ, ಅಂದರೆ ಭಾವ, ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಊರಾಚೆಯ ಒಂದು ಹೋಮಿನ ಅರ್ಜಿ ತಂದಿಟ್ಟಿದ್ದರು. ಭಾವ ಕೆಟ್ಟವರಲ್ಲ. ತಮ್ಮ ಸತ್ತಾಗ ಮೂರು ತಿಂಗಳು ಅಂಗಡಿ ತೆರೆದಿಟ್ಟವರು. "ನಿನಗೆ ಹೆಚ್ಚುಕಮ್ಮಿ ಆದ್ರೆ ಇವಳ ಗತಿ ಏನು? ಐದು ದಿನಕ್ಕೂ ಅದೇ ಉತ್ತರ, ಐವತ್ತು ವರ್ಷಕ್ಕೂ ಅದೇ ಉತ್ತರ. ರುಜು ಹಾಕು," ಅಂದಿದ್ದರು. ಅಲ್ಲಿಗೆ ಸೇರಿದವರು ಮನೆಗೆ ಮರಳಿದ್ದನ್ನು ಯಾರೂ ಕಂಡಿರಲಿಲ್ಲ. ಅರ್ಜಿ ದಾರದ ಡಬ್ಬಿಯ ಕೆಳಗಿತ್ತು.

"ಮನೇಲಿ ಒಬ್ಬಳೇ ಐದು ದಿನ ಇರೋದು ಕಲ್ತರೆ ರುಜು ಬೇಡ ಅಲ್ವಾ?" ಅಂದರು ಟೀಚರು.

"ಅವಳು ಒಬ್ಬಳೇ ಐದು ನಿಮಿಷ ಇದ್ದಿಲ್ಲ."

"ನೀವು ಬಿಟ್ಟಿದ್ದೀರಾ?"

ಕಾಜಾ ಅಮ್ಮ ಮಗಳ ಕೈ ಹಿಡಿದುಕೊಂಡಳು.

ಟೀಚರು ಮನೆಯ ಪ್ರತಿ ಕೆಲಸಕ್ಕೂ ಚೀಟಿ ಮಾಡಲು ಹೇಳಿದರು, ಒಂದು ಹೆಜ್ಜೆಗೆ ಒಂದು. ತಾಯಿಗೆ ಅಕ್ಷರ ಕಷ್ಟ, ಮಗಳಿಗೆ ಬರುವುದೇ ಇಲ್ಲ. ಆದ್ದರಿಂದ ಚಿತ್ರ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ತೋಳು, ಕೊರಳು ಎಳೆದ ಕೈಗೆ ಪಾತ್ರೆ, ಲೋಟ ಬರೆಯುವುದು ಎಷ್ಟರದು? ಬೀಗಕ್ಕೆ ಏಳು ಚೀಟಿ, ಸ್ನಾನಕ್ಕೆ ಹತ್ತೊಂಬತ್ತು. ಟೀಗೆ ಹನ್ನೆರಡು. ಕೊನೆಯ ಚೀಟಿಯಲ್ಲಿ ಕುರ್ಚಿ, ಕುರ್ಚಿಯ ಮೇಲೆ ಮಗಳು, ಕೈಯಲ್ಲಿ ಲೋಟ. ಟೀಚರು ಮೂರು ಸಲ ಪರೀಕ್ಷಿಸಿ ಸರಿ ಅಂದರು. ಮಗಳು ಎಂಟು ವಾರದಲ್ಲಿ ಕೊನೆಯಿಂದ ಮೊದಲಿನವರೆಗೂ ಬಂದಳು. ಅಷ್ಟು ದಿನವೂ ತಾಯಿ ಪಕ್ಕದಲ್ಲೇ ಇದ್ದಳು.

ಒಂಬತ್ತನೇ ವಾರ ಮೊದಲ ಸಲ ಮಗಳನ್ನು ಅಡುಗೆಮನೆಯಲ್ಲಿ ಬಿಟ್ಟು ತಾಯಿ ಅಂಗಡಿಗೆ ಹೋದಳು. ಮರಳುವಾಗ ಮೆಟ್ಟಿಲಿಗೇ ಸುಟ್ಟ ವಾಸನೆ ಬಂತು. ಒಳಗೆ ಭಾವ ಕೆಮ್ಮುತ್ತ ಕಿಟಕಿ ತೆರೆಯುತ್ತಿದ್ದರು. ಟೀ ಸೋಸಿ ಮತ್ತೆ ಒಲೆಯ ಮೇಲೇ ಇಟ್ಟ ಖಾಲಿ ಪಾತ್ರೆಯ ತಳ ಕರಿಯಾಗಿ ಸೀದುಹೋಗಿತ್ತು. ಮಗಳು ಕುರ್ಚಿಯಲ್ಲಿ ಕೂತು, ಚಿತ್ರದಲ್ಲಿದ್ದ ಹಾಗೆಯೇ, ಟೀ ಕುಡಿದು ಮುಗಿಸಿದ್ದಳು.

"ನಾನು ಬರೋದು ಹತ್ತು ನಿಮಿಷ ತಡ ಆಗಿದ್ರೆ ಮನೇನೂ ಇಲ್ಲ, ಮಗಳೂ ಇಲ್ಲ," ಅಂದರು ಭಾವ. "ಎಲ್ಲಿ ಅರ್ಜಿ?"

ಹೊಗೆ ಹೋಗಿ ಪಾತ್ರೆ ತಣ್ಣಗಾದ ಮೇಲೆ ತಾಯಿ ದಾರದ ಡಬ್ಬಿ ಎತ್ತಿದಳು. ಅಷ್ಟರಲ್ಲಿ ಮಗಳು ತಾನೇ ಹೋಗಿ ಟೀಚರನ್ನು ಕರೆದುಕೊಂಡು ಬಂದಿದ್ದಳು. ಗೋದಾಮು ಎರಡು ಬೀದಿ ಆಚೆ. ಅವಳು ಒಬ್ಬಳೇ ಹೋಗಿದ್ದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಟೀಚರು ಪಾತ್ರೆ ನೋಡಿದರು. ಹನ್ನೆರಡು ಚೀಟಿಗಳನ್ನು ನೆಲದ ಮೇಲೆ ಸಾಲಾಗಿ ಹರಡಿದರು. "ಇವರು ತಪ್ಪಿದ ಚೀಟಿ ಯಾವುದು, ತೋರಿಸಿ," ಅಂದರು. ಭಾವ ಬಗ್ಗಿ ನೋಡಿದರು. ತಪ್ಪಿದ್ದು ಯಾವುದೂ ಇರಲಿಲ್ಲ.

"ಅಮ್ಮಾ, ನೀವೊಂದು ಟೀ ಮಾಡಿ. ನನಗೂ ನಿಮ್ಮ ಭಾವನವರಿಗೂ."

ಇಂಥ ಹೊತ್ತಲ್ಲಿ ಟೀಯಾ ಎಂದುಕೊಂಡೇ ಕಾಜಾ ಅಮ್ಮ ಬೇರೆ ಪಾತ್ರೆ ಇಟ್ಟಳು. ಕುದಿಯಿತು, ಇಳಿಸಿದಳು, ಸೋಸಿದಳು, ಖಾಲಿ ಪಾತ್ರೆ ಮತ್ತೆ ಒಲೆಯ ಮೇಲಿಟ್ಟಳು.

"ಪಾತ್ರೆ ಇಳಿಸಿ ಎಡಗೈಯಲ್ಲಿ ಏನು ಮಾಡಿದ್ರಿ?"

"ಎಡಗೈಯಲ್ಲಾ? ಏನೂ ಇಲ್ಲ."

"ಒಲೆ ನೋಡಿ."

ಒಲೆ ಆರಿತ್ತು. ಆರಿಸಿದ್ದು ಆಕೆಯ ಎಡಗೈ, ಆಕೆಗೇ ಗೊತ್ತಿಲ್ಲದೆ. ಎಂಟು ವಾರ ಮಗಳು ಮಾಡಿದ ಪ್ರತಿ ಟೀಗೂ ಆ ಕೈ ಪಕ್ಕದಿಂದ ಚಾಚಿ ಒಲೆ ಆರಿಸಿತ್ತು. ಅದರ ಚಿತ್ರ ಚೀಟಿಗೆ ಬರುವುದು ಹೇಗೆ?

"ಎಲ್ಲಾ ತಾಯಂದಿರ ಕೈಯೂ ಹೀಗೇ. ಅದನ್ನ ನೋಡ್ಬೇಕಾಗಿದ್ದು ನಾನು," ಅಂದರು ಟೀಚರು ಭಾವನ ಕಡೆ ತಿರುಗಿ. "ಮೂರು ಸಲ ಪರೀಕ್ಷೆ ಮಾಡಿ ನಾನೇ ಸರಿ ಅಂದೆ. ತಪ್ಪು ನಂದು. ಪಾಠ ಹೇಳೋರಿಗೆ ಪಾಠ ಬರಲಿಲ್ಲ ಅಂತ ಕಲಿಯೋರನ್ನ ಹೋಮಿಗೆ ಕಳಿಸ್ಬೇಡಿ. ಇನ್ನೂ ಐದು ವಾರ ಇದೆ."

ತಪ್ಪು ಮುಚ್ಚಿಕೊಳ್ಳುವವರನ್ನು ಭಾವ ಬಹಳ ಕಂಡಿದ್ದರು. ಹೀಗೆ ಕೈಯಾರೆ ಎತ್ತಿ ತಲೆಮೇಲೆ ಇಟ್ಟುಕೊಳ್ಳುವವರನ್ನು ಕಂಡಿರಲಿಲ್ಲ. "ಐದು ವಾರ," ಅಂದು ಟೀ ಕುಡಿದು ಹೋದರು.

ಮುಂದಿನ ಬುಧವಾರದಿಂದ ಟೀಚರು ಆರೂ ಮನೆಯವರನ್ನು ಕರೆಸಿದರು. ಗೋಡೆಯುದ್ದಕ್ಕೂ ಕುರ್ಚಿ. ಅಪ್ಪ ಅಮ್ಮಂದಿರು ಕೈ ಕಟ್ಟಿ ಕೂರಬೇಕು, ಮಕ್ಕಳು ಕೆಲಸ ಮಾಡಬೇಕು. ಯಾರ ಕೈ ತಾನಾಗಿ ಏಳುತ್ತದೋ, ಎಲ್ಲಿ ಎದ್ದಿತೋ, ಟೀಚರು ಬರೆದುಕೊಳ್ಳುವರು. ಎದ್ದ ಕೈ ಎಲ್ಲಿದೆಯೋ ಅಲ್ಲಿ ಒಂದು ಚೀಟಿ ಕಡಿಮೆ. ಕಾಜಾ ಅಮ್ಮನ ಕೈ ಮೊದಲ ದಿನವೇ ಹದಿನೇಳು ಸಲ ಎದ್ದಿತು. "ನಿಮ್ಮ ಕೈಗೆ ಗುಂಡಿ ಹೊಲಿದು ಕೂರಿಸ್ಬೇಕು," ಅಂದ ಐವತ್ತೊಂದರ ವಿದ್ಯಾರ್ಥಿ, ಎಲ್ಲರೂ ನಕ್ಕರು. ಬೀದಿಯವರು ಅವರಿಗೆ ಕೈಕಟ್ಟು ಟೀಚರು ಎಂದೇ ಹೆಸರಿಟ್ಟರು. ಟೀಚರಿಗೆ ಆ ಹೆಸರು ಹಿಡಿಸಿತು. ಆಮೇಲೆ ಅವರು ರೂಪಿಸಿದ ಪ್ರತಿ ಪಾಠವೂ ಹೀಗೆ ಕೈ ಕಟ್ಟಿ ಕೂರಿಸುವುದರಿಂದಲೇ ಶುರುವಾಗುತ್ತಿತ್ತು.

ಆ ಐದು ವಾರದಲ್ಲಿ ಆಸ್ಪತ್ರೆಯ ಬಸ್ಸಿಗೂ ಚೀಟಿ ಆಗಿತ್ತು. ಆಪರೇಷನ್ನಿನ ವಾರ ಮಗಳು ಮನೆಯಲ್ಲಿ ಒಬ್ಬಳೇ ಇದ್ದಳು. ಪಕ್ಕದ ಮನೆಯ ನಿವೃತ್ತ ಕಂಡಕ್ಟರು ದಿನಕ್ಕೆರಡು ಸಲ ಬಂದು, ಬಾಗಿಲು ಬಡಿದು, ಅವಳೇ ತೆರೆಯುವವರೆಗೂ ಕಾಯಬೇಕೆಂದು ಟೀಚರು ಕಟ್ಟುನಿಟ್ಟು ಮಾಡಿದ್ದರು. ನಾಲ್ಕನೇ ದಿನ ಮಧ್ಯಾಹ್ನ ಭಾವ ಮಂಚದ ಪಕ್ಕ ಕೂತಿದ್ದಾಗ ವಾರ್ಡಿನ ಬಾಗಿಲಲ್ಲಿ ಮಗಳು ನಿಂತಿದ್ದಳು. ಕೈಯಲ್ಲಿ ಫ್ಲಾಸ್ಕು, ಕೊರಳಲ್ಲಿ ಬೀಗದ ಕೈ. ಮೊದಲ ದಿನದ ಅಂಗಿಯಲ್ಲೇ ಇದ್ದಳು, ಏಕೆಂದರೆ ಬಟ್ಟೆ ಬದಲಿಸುವ ಚೀಟಿ ಯಾರೂ ಬರೆದಿರಲಿಲ್ಲ.

"ಯಾರ ಜೊತೆ ಬಂದೆ?" ಅಂದರು ಭಾವ.

"ಬಸ್ ಜೊತೆ."

"ಒಲೆ?"

"ಆರಿಸ್ದೆ." ಎಡಗೈ ತಿರುಗಿಸಿ ತೋರಿಸಿದಳು. ಆಮೇಲೆ ದೊಡ್ಡಪ್ಪನ ಎದುರಿಗೆ ಬಂದು ನಿಂತಳು. "ನಿಮಗೆ ಸಕ್ಕರೆ ಎಷ್ಟು ಚಮಚ?"

ತಾಯಿಯ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಕೈ ಕಟ್ಟಿ ಮಲಗಿದಳು. ಮಗಳು ಕಾದಳು, ಒಂದು ಕಾಜಾದ ಒಂದು ಬದಿಯಷ್ಟು.

"ಎರಡು," ಅಂದರು ಭಾವ, ನೆಲ ನೋಡುತ್ತ.

ಅರ್ಜಿಯ ಹಿಂಬದಿ ಖಾಲಿ ಇತ್ತು. ಮನೆಗೆ ಬಂದ ಮೇಲೆ ಕಾಜಾ ಅಮ್ಮ ಅದನ್ನು ಒಂಬತ್ತು ತುಂಡು ಮಾಡಿ ಬಟ್ಟೆ ಬದಲಿಸುವ ಚೀಟಿ ಬರೆದಳು.

ಅದಾಗಿ ಹನ್ನೊಂದು ವರ್ಷ. ಎರಡು ಕೋಣೆ ಆರಾದವು. ಮಗಳು ಅದೇ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸಕ್ಕೆ ಹೋಗುತ್ತಾಳೆ, ಬೆಳಿಗ್ಗೆ ಬೀಗ ಹಾಕುವವಳೂ ಅವಳೇ. ಕಳೆದ ಚಳಿಗಾಲ ಟೀಚರಿಗೆ ಲಕ್ವ ಹೊಡೆದು ಬಲಗೈ ಬಿತ್ತು. ಕಾಜಾ ಅಮ್ಮ ಭಾನುವಾರ ಭಾನುವಾರ ಹೋಗಿ ಅವರ ಹತ್ತಿರ ಕೂರುತ್ತಿದ್ದಳು. ಅವರು ತೀರಿಹೋಗುವ ಮೊದಲಿನ ಕಡೆಯ ಭಾನುವಾರ ಟೀಚರಿಗೆ ಚಳಿ ಎಂದು ಉಣ್ಣೆಯ ಅಂಗಿ ತೊಡಿಸಿ, ತಾನೇ ಹೊಲಿದಿದ್ದ ಆರು ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಹಾಕತೊಡಗಿದಳು. ಐದಾಯಿತು. ಆರನೆಯದಕ್ಕೆ ಬೆರಳು ಹೋದಾಗ ಟೀಚರ ಎಡಗೈ ಮೆಲ್ಲಗೆ ಬಂದು ಆಕೆಯ ಕೈಯ ಮೇಲೆ ಕೂತಿತು.

"ಅಮ್ಮಾ, ಕೊನೇದು ನನಗೆ ಬಿಡ್ತೀರಾ?"